ಸ್ಯಾನ್ ಫ್ರಾನ್ಸಿಸ್ಕೊ ಕರಾವಳಿಯ ಶರತ್ಕಾಲ: ಮಂಜಿನ ನಾಡಿನ ಹವಾ ಮುನ್ನೋಟವನ್ನು ಓದುವ ಬಗೆ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಸೆಪ್ಟೆಂಬರ್ ಮೊದಲ ವಾರದಿಂದ ಅಕ್ಟೋಬರ್ ಮಧ್ಯದವರೆಗಿನ ಅವಧಿಯನ್ನು ಶರದೃತುವಿನ ಆರಂಭವೆಂದು ಕರೆದರೂ, ಕಡಲಂಚಿನ ಊರುಗಳ ಪಾಲಿಗೆ ವರ್ಷದ ಅತ್ಯಂತ ಬೆಚ್ಚಗಿನ ಕಾಲ ಅದೇ ಆಗಿರುತ್ತದೆ. ನಗರದ ಮಧ್ಯಭಾಗದಲ್ಲಿ ಜುಲೈ ತಿಂಗಳ ಸರಾಸರಿ ಗರಿಷ್ಠ ಉಷ್ಣಾಂಶ ಸುಮಾರು 66 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 19 ಡಿಗ್ರಿ ಸೆಲ್ಸಿಯಸ್. ಸೆಪ್ಟೆಂಬರ್‌ನಲ್ಲಿ ಅದು 70 ಡಿಗ್ರಿ ಫ್ಯಾರನ್‌ಹೀಟ್‌ಗೆ ಏರಿ, ಅಕ್ಟೋಬರ್‌ನಲ್ಲಿಯೂ ಹೆಚ್ಚುಕಡಿಮೆ ಅಲ್ಲಿಯೇ ನಿಲ್ಲುತ್ತದೆ. ಈ ಸರಾಸರಿಯ ಒಳಗೆ ಒಂದಕ್ಕೊಂದು ಹೋಲಿಕೆಯೇ ಇಲ್ಲದ ದಿನಗಳು ಅಡಗಿವೆ. ಒಂದು ದಿನ ಮಧ್ಯಾಹ್ನದವರೆಗೂ ಸೂರ್ಯನ ಮುಖ ಕಾಣದಂತೆ ಮಂಜು ಕವಿದಿರುತ್ತದೆ. ಇನ್ನೊಂದು ದಿನ ಆಕಾಶ ತಿಳಿಯಾಗಿ, ಗಾಳಿ ತಣ್ಣಗೆ ಸುಳಿದು, ಕಡಲತೀರದಲ್ಲಿ ಸಂಜೆಯವರೆಗೂ ಕುಳಿತಿರಬಹುದು. ಮತ್ತೊಂದು ದಿನ ಒಳನಾಡಿನಿಂದ ಒಣಗಾಳಿ ಬೀಸಿ ಬೆಟ್ಟಗಳ ಹುಲ್ಲೆಲ್ಲ ಕಿಡಿಗಾಗಿ ಕಾದಂತೆ ಇರುತ್ತದೆ.

ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೋಸೆ ಮುಂತಾದ ಕಡೆ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದು ಗಣೇಶನ ಹಬ್ಬ ಮತ್ತು ನವರಾತ್ರಿಯ ಕಾಲ. ಊರಿನಿಂದ ಬಂದ ಅಪ್ಪ-ಅಮ್ಮಂದಿರನ್ನು ಗೋಲ್ಡನ್ ಗೇಟ್ ಸೇತುವೆಗೂ ಹಾಫ್ ಮೂನ್ ಬೇ ಕಡಲತೀರಕ್ಕೂ ಕರೆದೊಯ್ಯುವ ಕಾಲವೂ ಹೌದು. ಇಂತಹ ಯೋಜನೆಗಳಿಗೆ ಫೋನಿನಲ್ಲಿ ಕಾಣುವ ಒಂದು ಚಿತ್ರ ಮತ್ತು ಒಂದು ಅಂಕಿಯನ್ನು ನಂಬಿದರೆ ಸಾಲದು. ಇಲ್ಲಿನ ಹವಾಮಾನವನ್ನು ಅರಿಯಲು ‘ನಾಳೆ ಎಷ್ಟು ಡಿಗ್ರಿ’ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಸಮುದ್ರದ ಮೇಲಿನ ತಂಪುಗಾಳಿಯ ಪದರ ನಾಳೆ ಎಷ್ಟು ದಪ್ಪವಿರುತ್ತದೆ, ಮತ್ತು ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆಯೋ ನೆಲದಿಂದ ಕಡಲಿಗೆ ಬೀಸುತ್ತದೆಯೋ. ಈ ಎರಡಕ್ಕೆ ಉತ್ತರ ಸಿಕ್ಕರೆ ಡಿಗ್ರಿಗಳ ಲೆಕ್ಕ ತಾನಾಗಿಯೇ ಹೊಂದಿಕೊಳ್ಳುತ್ತದೆ. ಆ ಉತ್ತರಗಳನ್ನು ಎಲ್ಲಿ, ಹೇಗೆ, ಎಷ್ಟು ದಿನ ಮುಂಚಿತವಾಗಿ ಹುಡುಕಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮಂಜು ಹುಟ್ಟುವ ಕ್ರಮ

ನಮ್ಮ ಕರಾವಳಿಯ ಕಡಲು ವರ್ಷವಿಡೀ ಬೆಚ್ಚಗಿರುವುದರಿಂದ, ಮಂಗಳೂರು ಅಥವಾ ಕಾರವಾರದಲ್ಲಿ ಬೆಳೆದವರಿಗೆ ಕ್ಯಾಲಿಫೋರ್ನಿಯಾದ ಕಡಲು ಮೊದಲಿಗೆ ಅರ್ಥವಾಗುವುದಿಲ್ಲ. ಬೇಸಿಗೆಯಲ್ಲಿ ಉತ್ತರ ಪೆಸಿಫಿಕ್ ಸಾಗರದ ಮೇಲೆ ಒಂದು ದೊಡ್ಡ ಅಧಿಕ ಒತ್ತಡದ ಪ್ರದೇಶ ನೆಲೆಸಿರುತ್ತದೆ. ಅದರ ಅಂಚಿನಲ್ಲಿ ವಾಯವ್ಯ ದಿಕ್ಕಿನ ಗಾಳಿ ತೀರಕ್ಕೆ ಸಮಾನಾಂತರವಾಗಿ ಬಲವಾಗಿ ಬೀಸಿ, ಮೇಲ್ಮೈಯ ನೀರನ್ನು ತೀರದಿಂದ ಆಚೆಗೆ ಸರಿಸುತ್ತದೆ. ಆ ಜಾಗಕ್ಕೆ ಆಳದ ತಣ್ಣನೆಯ ನೀರು ಮೇಲೇರಿ ಬರುತ್ತದೆ. ಹೀಗಾಗಿ ತೀರದ ಬಳಿಯ ಸಮುದ್ರದ ನೀರು ಬೇಸಿಗೆಯ ನಡುವೆಯೂ 10ರಿಂದ 14 ಡಿಗ್ರಿ ಸೆಲ್ಸಿಯಸ್‌ನಷ್ಟೇ ಇರುವುದು ಸಾಮಾನ್ಯ. ಸಾಗರದ ಮೇಲಿನಿಂದ ಬರುವ ತೇವಭರಿತ ಗಾಳಿ ಈ ತಣ್ಣೀರಿನ ಮೇಲೆ ಹಾಯುವಾಗ ತಂಪಾಗಿ, ಅದರಲ್ಲಿನ ತೇವಾಂಶ ಹನಿಗಟ್ಟಿ ಮಂಜಾಗುತ್ತದೆ.

ಅದೇ ಅಧಿಕ ಒತ್ತಡದ ಪ್ರದೇಶದಲ್ಲಿ ಮೇಲಿನ ಗಾಳಿ ಕೆಳಕ್ಕೆ ಇಳಿಯುತ್ತ ಬಿಸಿಯಾಗುತ್ತದೆ. ಪರಿಣಾಮವಾಗಿ ಕೆಳಗೆ ತಂಪಾದ ತೇವದ ಪದರ, ಅದರ ಮೇಲೆ ಬಿಸಿಯಾದ ಒಣಪದರ ಎಂಬ ವಿಲೋಮ ಸ್ಥಿತಿ ಉಂಟಾಗುತ್ತದೆ. ಎತ್ತರಕ್ಕೆ ಹೋದಂತೆ ಉಷ್ಣತೆ ಇಳಿಯಬೇಕಾದಲ್ಲಿ ಏರುತ್ತದೆ. ಪಾತ್ರೆಯ ಬಾಯಿಗೆ ಇಟ್ಟ ಮುಚ್ಚಳದಂತೆ ಈ ಬಿಸಿ ಪದರ ಕೆಳಗಿನ ಮಂಜನ್ನು ಮೇಲೇಳಗೊಡದೆ ಹಿಡಿದಿಡುತ್ತದೆ. ಕೆಳಗಿನ ಆ ತಂಪು ಪದರವನ್ನೇ ಇಲ್ಲಿನ ಹವಾಮಾನ ತಜ್ಞರು ಮರೀನ್ ಲೇಯರ್ ಎನ್ನುತ್ತಾರೆ. ಈ ಬರಹದಲ್ಲಿ ಅದನ್ನು ಸಾಗರ ಪದರ ಎಂದು ಕರೆಯೋಣ. ಒಳನಾಡಿನ ಸೆಂಟ್ರಲ್ ವ್ಯಾಲಿ ಹಗಲು ಕಾದು ಅಲ್ಲಿ ಒತ್ತಡ ಇಳಿದಾಗ, ಈ ಪದರ ಗೋಲ್ಡನ್ ಗೇಟ್ ಮತ್ತು ಸ್ಯಾನ್ ಬ್ರೂನೊ ಬಳಿಯ ಕಣಿವೆಯಂತಹ ತಗ್ಗುಗಳ ಮೂಲಕ ಒಳಕ್ಕೆ ಹರಿಯುತ್ತದೆ.

ಸೆಪ್ಟೆಂಬರ್ ಬರುತ್ತಿದ್ದಂತೆ ಈ ಯಂತ್ರದ ಭಾಗಗಳು ಒಂದೊಂದಾಗಿ ಸಡಿಲವಾಗುತ್ತವೆ. ಅಧಿಕ ಒತ್ತಡದ ಪ್ರದೇಶ ದುರ್ಬಲವಾಗುತ್ತದೆ, ವಾಯವ್ಯ ಗಾಳಿಯ ಬಲ ತಗ್ಗುತ್ತದೆ, ಆಳದ ನೀರು ಮೇಲೇರುವುದು ಕಡಿಮೆಯಾಗುತ್ತದೆ; ಆದ್ದರಿಂದಲೇ ತೀರದ ನೀರು ವರ್ಷದಲ್ಲೇ ಹೆಚ್ಚು ಬೆಚ್ಚಗಾಗುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಹಗಲು ಕಿರಿದಾಗಿ ಒಳನಾಡು ಮೊದಲಿನಷ್ಟು ಕಾಯದ ಕಾರಣ ಕಡಲಗಾಳಿಯನ್ನು ಎಳೆಯುವ ಶಕ್ತಿಯೂ ಕುಗ್ಗುತ್ತದೆ. ಮಂಜು ಇಲ್ಲವಾಗುವುದಿಲ್ಲ, ಆದರೆ ಜುಲೈನಲ್ಲಿ ದಿನವೂ ಬರುತ್ತಿದ್ದದ್ದು ಈಗ ಬಿಟ್ಟು ಬಿಟ್ಟು ಬರುತ್ತದೆ. ಮುನ್ಸೂಚನೆಯನ್ನು ಗಮನವಿಟ್ಟು ಓದುವವರಿಗೆ ಈ ತಿಂಗಳುಗಳು ಹೆಚ್ಚು ಫಲ ಕೊಡುವುದು ಈ ಬದಲಾವಣೆಯಿಂದಲೇ.

ದೂರದ ಮುನ್ನೋಟದಿಂದ ಏನನ್ನು ತೆಗೆದುಕೊಳ್ಳಬೇಕು, ಏನನ್ನು ಬಿಡಬೇಕು

ಅಮೆರಿಕದ ಹವಾಗುಣ ಮುನ್ಸೂಚನಾ ಕೇಂದ್ರವು ಆರರಿಂದ ಹತ್ತು ದಿನ, ಎಂಟರಿಂದ ಹದಿನಾಲ್ಕು ದಿನ, ಮೂರು-ನಾಲ್ಕನೆಯ ವಾರ, ಒಂದು ತಿಂಗಳು ಮತ್ತು ಮೂರು ತಿಂಗಳುಗಳ ಮುನ್ನೋಟ ನಕ್ಷೆಗಳನ್ನು ಪ್ರಕಟಿಸುತ್ತದೆ. ಮೂರು ತಿಂಗಳ ನಕ್ಷೆ ಪ್ರತಿ ತಿಂಗಳ ಮೂರನೆಯ ಗುರುವಾರ ಹೊರಬರುತ್ತದೆ. ಈ ನಕ್ಷೆಗಳಲ್ಲಿ ಕ್ಯಾಲಿಫೋರ್ನಿಯಾದ ಮೇಲೆ ಕೇಸರಿ ಬಣ್ಣ ಹರಡಿದ್ದನ್ನು ಕಂಡು ‘ಈ ಬಾರಿ ಬಿಸಿಲು ಜೋರು’ ಎಂದು ತೀರ್ಮಾನಿಸುವುದು ಸರಿಯಲ್ಲ. ನಕ್ಷೆ ಹೇಳುವುದು ಸಾಧ್ಯತೆಯನ್ನು ಮಾತ್ರ. ಹಿಂದಿನ ವರ್ಷಗಳ ದಾಖಲೆಯನ್ನು ಸಾಮಾನ್ಯಕ್ಕಿಂತ ಕಡಿಮೆ, ಸಾಮಾನ್ಯ, ಸಾಮಾನ್ಯಕ್ಕಿಂತ ಹೆಚ್ಚು ಎಂದು ಮೂರು ಸಮಪಾಲು ಮಾಡಿದರೆ, ಯಾವ ಸುಳಿವೂ ಇಲ್ಲದಾಗ ಪ್ರತಿ ಪಾಲಿಗೂ ಶೇಕಡ 33ರಷ್ಟು ಸಾಧ್ಯತೆ ಇರುತ್ತದೆ. ನಕ್ಷೆಯಲ್ಲಿ ‘ಸಾಮಾನ್ಯಕ್ಕಿಂತ ಹೆಚ್ಚು, ಶೇಕಡ 40’ ಎಂದಿದ್ದರೆ ಆ ಪಾಲಿನ ಸಾಧ್ಯತೆ 33ರಿಂದ 40ಕ್ಕೆ ಏರಿದೆ ಎಂದಷ್ಟೇ ಅರ್ಥ. ಉಳಿದ ಶೇಕಡ 60ರಷ್ಟು ಸಾಧ್ಯತೆ ಬೇರೆಡೆಗೇ ಇದೆ. ಜೊತೆಗೆ, ಅದು ಇಡೀ ಅವಧಿಯ ಸರಾಸರಿಯ ಮಾತೇ ಹೊರತು ನಿಮ್ಮ ಶನಿವಾರದ ಮಾತಲ್ಲ.

ಮಂಜಿನ ಕರಾವಳಿಯಲ್ಲಿ ಈ ನಕ್ಷೆಗಳಿಗೆ ಇನ್ನೊಂದು ಮಿತಿಯಿದೆ. ಒಂದೇ ಮಧ್ಯಾಹ್ನ ಕಡಲಂಚಿನ ಹಾಫ್ ಮೂನ್ ಬೇಗೂ ಒಳನಾಡಿನ ಲಿವರ್‌ಮೋರ್‌ಗೂ ನಡುವೆ 30 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚು ಅಂತರವಿರುವ ದಿನಗಳು ಇಲ್ಲಿ ಅಪರೂಪವಲ್ಲ. ಇಷ್ಟು ಕಿರಿದಾದ ಪ್ರದೇಶದಲ್ಲಿ ಇಷ್ಟು ದೊಡ್ಡ ವ್ಯತ್ಯಾಸವನ್ನು ದೇಶದಗಲದ ನಕ್ಷೆ ತೋರಿಸಲಾರದು. ಎಲ್ ನಿನ್ಯೊ (ಸಮಭಾಜಕದ ಬಳಿಯ ಪೆಸಿಫಿಕ್ ನೀರು ವಾಡಿಕೆಗಿಂತ ಬೆಚ್ಚಗಾಗುವ ಸ್ಥಿತಿ) ಇರುವ ವರ್ಷ ತೀರದ ನೀರು ಬೆಚ್ಚಗಾಗುವ ಸಂಭವ ಹೆಚ್ಚು ಎಂಬುದು ನಿಜ. ಆದರೆ ಅದರ ಹೆಸರು ಕೇಳಿದೊಡನೆ ಸೆಪ್ಟೆಂಬರ್‌ನಲ್ಲಿಯೇ ಮಳೆಯನ್ನು ನಿರೀಕ್ಷಿಸುವುದಕ್ಕೆ ಆಧಾರವಿಲ್ಲ, ಏಕೆಂದರೆ ಅದರ ಪ್ರಭಾವವನ್ನು ಇಲ್ಲಿ ಮುಖ್ಯವಾಗಿ ಹುಡುಕುವುದು ಚಳಿಗಾಲದ ಮಳೆಯಲ್ಲಿ. ಆದ್ದರಿಂದ ದೂರದ ಮುನ್ನೋಟವನ್ನು ಸಭಾಂಗಣವೋ ಉದ್ಯಾನವೋ ಎಂಬಂತಹ ದೊಡ್ಡ ಆಯ್ಕೆಗೆ ಹಿನ್ನೆಲೆಯಾಗಿ ಇಟ್ಟುಕೊಂಡು, ನಿಜವಾದ ನಿರ್ಧಾರವನ್ನು ಕೊನೆಯ ಐದು ದಿನಗಳಿಗೆ ಉಳಿಸಿಕೊಳ್ಳುವುದು ಒಳ್ಳೆಯದು.

ಐದು ದಿನ ಮೊದಲು: ತಜ್ಞರ ಟಿಪ್ಪಣಿಯನ್ನು ಓದುವುದು

ಕೊಲ್ಲಿ ಪ್ರದೇಶದ ಮುನ್ಸೂಚನೆಯನ್ನು ಸಿದ್ಧಪಡಿಸುವ ರಾಷ್ಟ್ರೀಯ ಹವಾಮಾನ ಸೇವೆಯ ಕಚೇರಿ ಮಾಂಟೆರೆಯಲ್ಲಿದೆ. ಆ ಕಚೇರಿ ದಿನಕ್ಕೆ ಹಲವು ಬಾರಿ ‘ಏರಿಯಾ ಫೋರ್‌ಕಾಸ್ಟ್ ಡಿಸ್ಕಶನ್’ ಎಂಬ ಟಿಪ್ಪಣಿಯನ್ನು ಹೊರಡಿಸುತ್ತದೆ. ಅದು ಬರಿಯ ಅಂಕಿಗಳ ಪಟ್ಟಿಯಲ್ಲ. ಮುನ್ಸೂಚನೆ ಬರೆದ ತಜ್ಞರು ತಮ್ಮ ಎದುರಿಗಿರುವ ಕಂಪ್ಯೂಟರ್ ಮಾದರಿಗಳಲ್ಲಿ ಯಾವುದನ್ನು ನಂಬಿದ್ದಾರೆ, ಎಲ್ಲಿ ಅನುಮಾನವಿದೆ ಎಂಬುದನ್ನು ವಾಕ್ಯಗಳಲ್ಲಿ ವಿವರಿಸುವ ಬರಹ. ಸಾರ್ವಜನಿಕರಿಗೆ ಉಚಿತವಾಗಿ ದೊರೆಯುವ ಹವಾಮಾನ ಮಾಹಿತಿಯಲ್ಲಿ ಇದರಷ್ಟು ಬೆಲೆಬಾಳುವುದು ಬೇರೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಮೊದಲು ಭಾಷೆ ಬಿಗಿಯೆನಿಸಬಹುದು, ಆದರೆ ಒಂದೆರಡು ವಾರ ಪ್ರತಿದಿನ ಓದಿದರೆ ಮತ್ತೆ ಮತ್ತೆ ಬರುವ ಪದಗಳು ಪರಿಚಿತವಾಗುತ್ತವೆ.

ಅದರಲ್ಲಿ ಮೊದಲು ಹುಡುಕಬೇಕಾದದ್ದು ಸಾಗರ ಪದರದ ದಪ್ಪವನ್ನು. ಮಾಂಟೆರೆ ಬಳಿಯ ಫೋರ್ಟ್ ಆರ್ಡ್‌ನಲ್ಲಿರುವ, ಮೇಲಿನ ಗಾಳಿಯ ಪದರಗಳನ್ನು ನೆಲದಿಂದಲೇ ಅಳೆಯುವ ಪ್ರೊಫೈಲರ್ ಉಪಕರಣದ ಆಧಾರದಿಂದ ‘ಸಾಗರ ಪದರ 1,500 ಅಡಿ’ ಎಂಬಂತಹ ಮಾತು ಟಿಪ್ಪಣಿಯಲ್ಲಿ ಆಗಾಗ ಬರುತ್ತದೆ. ಎರಡನೆಯದಾಗಿ ಒತ್ತಡದ ಅಂತರಗಳನ್ನು ಗಮನಿಸಬೇಕು. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಒತ್ತಡದಿಂದ ಸ್ಯಾಕ್ರಮೆಂಟೊದ ಒತ್ತಡವನ್ನು ಕಳೆದಾಗ ಸಿಗುವ ಅಂಕಿ ಧನಾತ್ಮಕವಾಗಿದ್ದರೆ ಗಾಳಿ ಕಡಲಿನಿಂದ ಒಳಕ್ಕೆ ಬರುತ್ತಿದೆ ಎಂದರ್ಥ. ಅದು 3 ಮಿಲಿಬಾರ್ ದಾಟಿದ್ದರೆ ಪಡುವಣ ಗಾಳಿ ಬಲವಾಗಿದ್ದು ಮಂಜು ಒಳನಾಡಿನತ್ತ ಸಾಗುವ ಸಂಭವ ಹೆಚ್ಚು. ಶೂನ್ಯದ ಬಳಿ ಇದ್ದರೆ ಕಡಲಗಾಳಿ ಸೋತಿದೆ. ಋಣಾತ್ಮಕವಾಗಿದ್ದರೆ ಗಾಳಿ ತಿರುಗಿ ನೆಲದಿಂದ ಕಡಲಿಗೆ ಬೀಸತೊಡಗಿದೆ. ಇದೇ ರೀತಿ ನೆವಾಡಾದ ವಿನ್ನೆಮಕ್ಕಾ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವಿನ ಅಂತರದ ಉಲ್ಲೇಖ ಬಂದರೆ ತಜ್ಞರು ಒಣಗಾಳಿಯ ಸಂಭವವನ್ನು ತೂಗುತ್ತಿದ್ದಾರೆ ಎಂದು ತಿಳಿಯಬೇಕು.

ಮೂರನೆಯದಾಗಿ, ಎತ್ತರದ ವಾತಾವರಣದ ಮಾತು. ‘ರಿಡ್ಜ್’ (ಅಧಿಕ ಒತ್ತಡದ ಏಣು) ಬಲಗೊಳ್ಳುತ್ತಿದೆ ಎಂದಿದ್ದರೆ ಮೇಲಿನ ಬಿಸಿಗಾಳಿ ಕೆಳಕ್ಕೆ ಒತ್ತಿ ಸಾಗರ ಪದರವನ್ನು ತೆಳುವಾಗಿಸುತ್ತದೆ. ‘ಟ್ರಫ್’ (ಕಡಿಮೆ ಒತ್ತಡದ ತಗ್ಗು) ಸಮೀಪಿಸುತ್ತಿದೆ ಎಂದಿದ್ದರೆ ಆ ಒತ್ತು ಸಡಿಲಿ ಪದರ ದಪ್ಪವಾಗುತ್ತದೆ. ಸುಮಾರು 5,000 ಅಡಿ ಎತ್ತರವನ್ನು ಪ್ರತಿನಿಧಿಸುವ 850 ಮಿಲಿಬಾರ್ ಮಟ್ಟದಲ್ಲಿ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟುವ ಸೂಚನೆಯಿದ್ದರೆ ಒಳನಾಡಿನ ಕಣಿವೆಗಳಲ್ಲಿ ಬಿಸಿ ಏರುವುದು ಬಹುಮಟ್ಟಿಗೆ ಖಚಿತ. ಕಡಲಂಚು ಅದರಿಂದ ಪಾರಾಗುವುದೋ ಇಲ್ಲವೋ ಎಂಬುದನ್ನು ಮಾತ್ರ ಗಾಳಿಯ ದಿಕ್ಕು ನಿರ್ಧರಿಸುತ್ತದೆ.

ಅಡಿಗಳ ಲೆಕ್ಕವನ್ನು ನೆಲದ ಮೇಲೆ ಇಳಿಸುವುದು

ಸಾಗರ ಪದರದ ದಪ್ಪ ತಿಳಿದ ಮೇಲೆ ಅದನ್ನು ನೀವು ಹೋಗಬೇಕಾದ ಸ್ಥಳದ ಎತ್ತರದೊಂದಿಗೆ ಹೋಲಿಸಬೇಕು. ಗೋಲ್ಡನ್ ಗೇಟ್ ಸೇತುವೆಯ ರಸ್ತೆ ನೀರಿನಿಂದ ಸುಮಾರು 220 ಅಡಿ ಮೇಲಿದೆ, ಗೋಪುರಗಳ ತುದಿ 746 ಅಡಿ. ನಗರದೊಳಗಿನ ಟ್ವಿನ್ ಪೀಕ್ಸ್ 900 ಅಡಿಗಿಂತ ತುಸು ಎತ್ತರ. ಬರ್ಕ್ಲಿ ಬೆಟ್ಟಸಾಲಿನ ಗ್ರಿಜ್ಲಿ ಪೀಕ್ 1,750 ಅಡಿಯ ಆಸುಪಾಸಿನಲ್ಲಿದ್ದರೆ ಮೌಂಟ್ ಟಮಲ್ಪೈಸ್ 2,571 ಅಡಿ ಮತ್ತು ಮೌಂಟ್ ಡಿಯಾಬ್ಲೊ 3,849 ಅಡಿ. ಈ ಕೆಲವು ಅಂಕಿಗಳು ನೆನಪಿನಲ್ಲಿದ್ದರೆ ನಕ್ಷೆ ನೋಡುವ ಅಗತ್ಯವೇ ಬೀಳುವುದಿಲ್ಲ.

ಪದರ 500 ಅಡಿಗಳಷ್ಟೇ ಇರುವಾಗ ಮಂಜು ನೆಲಕ್ಕೆ ಅಂಟಿಕೊಂಡು ದಟ್ಟವಾಗಿರುತ್ತದೆ. ಔಟರ್ ಸನ್‌ಸೆಟ್, ಡೇಲಿ ಸಿಟಿ, ಪಸಿಫಿಕಾ, ಹಾಫ್ ಮೂನ್ ಬೇ ಇವುಗಳಲ್ಲಿ ಎದುರಿನ ರಸ್ತೆಯೂ ಮಸುಕಾಗಬಹುದು. ಅದೇ ಹೊತ್ತಿಗೆ ನಗರದ ಪೂರ್ವ ಭಾಗದಲ್ಲಿ ಹೊಳೆಯುವ ಬಿಸಿಲಿರುತ್ತದೆ. ಸೇತುವೆಯ ಗೋಪುರಗಳ ತುದಿ ಮಂಜಿನ ಮೇಲೆ ತೇಲುವಂತೆ ಕಾಣುವ ಚಿತ್ರಗಳೆಲ್ಲ ಇಂತಹ ದಿನಗಳವು. ಅವನ್ನು ನೋಡಲು ಸೇತುವೆಯ ಮೇಲಲ್ಲ, ಮರೀನ್ ಹೆಡ್‌ಲ್ಯಾಂಡ್ಸ್‌ನ ಹಾಕ್ ಹಿಲ್‌ನಂತಹ 900 ಅಡಿಯ ದಿಬ್ಬಕ್ಕೆ ಹೋಗಬೇಕು. ಪದರ ತೆಳುವಾದಷ್ಟೂ ಕಡಲಂಚಿನ ರಸ್ತೆಯಲ್ಲಿ ಕಾರು ಓಡಿಸುವುದು ಕಷ್ಟವಾಗುತ್ತದೆ. ‘ಮಂಜು ಕಡಿಮೆ’ ಎಂಬ ಮಾತನ್ನು ಕೇಳಿ ಹೆದ್ದಾರಿ 1ರಲ್ಲಿ ಮುಂಜಾನೆ ಹೊರಡುವವರು ಇದನ್ನು ಮುಖ್ಯವಾಗಿ ತಿಳಿದಿರಬೇಕು: ಕಡಿಮೆಯಾಗಿರುವುದು ಮಂಜಿನ ಎತ್ತರವೇ ಹೊರತು ಅದರ ಸಾಂದ್ರತೆಯಲ್ಲ.

ಪದರ 1,000ದಿಂದ 1,500 ಅಡಿಗಳಾದಾಗ ಅದು ಗೋಲ್ಡನ್ ಗೇಟ್ ಮೂಲಕ ಕೊಲ್ಲಿಯೊಳಕ್ಕೆ ತುಂಬಿಕೊಂಡು ಎದುರಿನ ಬರ್ಕ್ಲಿ, ಓಕ್ಲೆಂಡ್ ತೀರಗಳನ್ನು ತಲುಪುತ್ತದೆ. ನೆಲದ ಮಟ್ಟದಲ್ಲಿ ನೋಟ ಚೆನ್ನಾಗಿಯೇ ಇರುತ್ತದೆ, ಆದರೆ ತಲೆಯ ಮೇಲೆ ಬೂದು ಮೋಡದ ಹೊದಿಕೆ. ಹೇವರ್ಡ್, ಫ್ರೀಮಾಂಟ್ ಕಡೆ ಬೆಳಿಗ್ಗೆ ಮೋಡವಿದ್ದು ಮಧ್ಯಾಹ್ನಕ್ಕೆ ಮೊದಲೇ ಬಿಸಿಲು ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಜೋಡಿ ರನ್‌ವೇಗಳ ನಡುವಿನ ಅಂತರ ಕೇವಲ 750 ಅಡಿಯಾದ್ದರಿಂದ ಮೋಡ ಕೆಳಗಿದ್ದಾಗ ಗಂಟೆಗೆ ಇಳಿಯುವ ವಿಮಾನಗಳ ಸಂಖ್ಯೆಯನ್ನು ತಗ್ಗಿಸಬೇಕಾಗುತ್ತದೆ; ಬೆಂಗಳೂರಿನಿಂದ ಬರುವ ಹಿರಿಯರನ್ನು ಕರೆತರಲು ಬೆಳಗಿನ ಹೊತ್ತು ಹೋಗುವವರು ವಿಮಾನದ ಸಮಯವನ್ನು ಮನೆಯಿಂದ ಹೊರಡುವ ಮುನ್ನ ಮತ್ತೊಮ್ಮೆ ನೋಡಿಕೊಳ್ಳಬೇಕು. ಅಕ್ಟೋಬರ್‌ನಲ್ಲಿ ನಗರದಲ್ಲಿ ನಡೆಯುವ ಫ್ಲೀಟ್ ವೀಕ್ ವಿಮಾನ ಪ್ರದರ್ಶನಕ್ಕೂ ಈ ಮೋಡದ ಎತ್ತರವೇ ನಿರ್ಣಾಯಕ.

ಪದರ 2,000 ಅಡಿ ದಾಟಿತೆಂದರೆ ಬೆಟ್ಟಸಾಲುಗಳ ಬಹುಭಾಗ ಅದಕ್ಕೆ ಅಡ್ಡಿಯಾಗಲಾರದು. ಲಿವರ್‌ಮೋರ್ ಮತ್ತು ಸ್ಯಾನ್ ಹೋಸೆ ಇರುವ ಕಣಿವೆಗಳೂ ಬೆಳಿಗ್ಗೆ ಮೋಡ ಹೊದ್ದು ಏಳುತ್ತವೆ, ಕಡಲಂಚಿನಲ್ಲಿ ತುಂತುರು ಬೀಳುತ್ತದೆ, ಎಲ್ಲೆಡೆ ತಂಪಾಗಿರುತ್ತದೆ. ಇಂತಹ ದಿನ ಬಿಸಿಲು ಬೇಕಾದವರು ಮೇಲಕ್ಕೆ ಹೋಗಬೇಕು. ಕೆಳಗೆ ಸ್ವೆಟರ್ ತೊಟ್ಟು ನಡುಗುವ ಹೊತ್ತಿನಲ್ಲಿ ಟಮಲ್ಪೈಸ್ ತುದಿಯಲ್ಲಿ ಬೆಚ್ಚಗೆ ಕುಳಿತು ಮೋಡದ ಕಡಲನ್ನು ನೋಡಲು ಸಾಧ್ಯವಿದೆ. ಮಂಜಿನ ಎತ್ತರದ ಈ ವಿಷಯ ಹಿಂದಿನವರಿಗೂ ಚೆನ್ನಾಗಿ ತಿಳಿದಿತ್ತು: 1870ರಲ್ಲಿ ಬೆಳಗಿದ ಪಾಯಿಂಟ್ ರೇಯಸ್ ದೀಪಸ್ತಂಭವನ್ನು ಕಡಿದಾದ ಭೂಶಿರದ ನೆತ್ತಿಯಲ್ಲಿ ಕಟ್ಟದೆ, ಮೇಲಿನ ಮಂಜಿನಲ್ಲಿ ಬೆಳಕು ಮರೆಯಾಗದಿರಲೆಂದು ಬಂಡೆಯ ಕೆಳಭಾಗದಲ್ಲಿ ಕಟ್ಟಿದರು.

ಹಿಂದಿನ ದಿನ ಮತ್ತು ಆ ಬೆಳಗ್ಗೆ

ಓಕ್ಲೆಂಡ್‌ನಿಂದ ದಿನಕ್ಕೆ ಎರಡು ಬಾರಿ ಹವಾಮಾನ ಬಲೂನನ್ನು ಹಾರಿಸಲಾಗುತ್ತದೆ. ಅದರ ದತ್ತಾಂಶ ವಿಶ್ವಸಮಯದ 00 ಮತ್ತು 12 ಗಂಟೆಗೆ, ಅಂದರೆ ಈ ತಿಂಗಳುಗಳಲ್ಲಿ ಸ್ಥಳೀಯ ಸಂಜೆ 5 ಮತ್ತು ಬೆಳಿಗ್ಗೆ 5ಕ್ಕೆ ಸಂಬಂಧಿಸಿರುತ್ತದೆ. ಆ ರೇಖಾಚಿತ್ರದಲ್ಲಿ ಎರಡು ಗೆರೆಗಳಿರುತ್ತವೆ: ಒಂದು ಉಷ್ಣತೆ, ಇನ್ನೊಂದು ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣತೆ. ಕೆಳಭಾಗದಲ್ಲಿ ಎರಡೂ ಗೆರೆಗಳು ಒಂದನ್ನೊಂದು ಮುಟ್ಟುವಂತಿದ್ದರೆ ಅಲ್ಲಿ ಮೋಡವಿದೆ. ಸ್ವಲ್ಪ ಮೇಲೆ ಉಷ್ಣತೆಯ ಗೆರೆ ಥಟ್ಟನೆ ಬಲಕ್ಕೆ ತಿರುಗಿ, ಇಬ್ಬನಿ ಬಿಂದುವಿನ ಗೆರೆ ಎಡಕ್ಕೆ ಸರಿದಿದ್ದರೆ ಆ ತಿರುವಿನ ಎತ್ತರವೇ ಮಂಜಿನ ಮೇಲ್ಮೈ. ಮೀಟರುಗಳಲ್ಲಿದ್ದರೆ ಅದನ್ನು 3.28ರಿಂದ ಗುಣಿಸಿದರೆ ಅಡಿಗಳು ಸಿಗುತ್ತವೆ. ಸಂಜೆಯ ಚಿತ್ರಕ್ಕಿಂತ ಬೆಳಗಿನ ಚಿತ್ರದಲ್ಲಿ ಆ ತಿರುವು ಮೇಲೇರಿದ್ದರೆ ಪದರ ದಪ್ಪವಾಗುತ್ತಿದೆ ಎಂದೂ, ಕೆಳಗಿಳಿದಿದ್ದರೆ ಮಂಜು ಬೇಗ ಕರಗಲಿದೆ ಎಂದೂ ಊಹಿಸಬಹುದು.

ಬಲೂನಿನ ಚಿತ್ರ ಕಠಿಣವೆನಿಸಿದರೆ ಗೋಸ್-ವೆಸ್ಟ್ ಉಪಗ್ರಹದ ಚಿತ್ರಗಳು ಸಾಕು. ರಾತ್ರಿ ಹೊತ್ತು ಬರಿಗಣ್ಣಿನ ಬೆಳಕಿನ ಚಿತ್ರ ದೊರೆಯದಿದ್ದರೂ, ಎರಡು ಅವರಕ್ತ ತರಂಗಗಳ ವ್ಯತ್ಯಾಸದಿಂದ ತಯಾರಿಸಿದ ಮಂಜಿನ ಚಿತ್ರದಲ್ಲಿ ಕೆಳಮೋಡ ಎಲ್ಲಿಯವರೆಗೆ ಹಬ್ಬಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಬೆಳಿಗ್ಗೆ ಏಳು ಗಂಟೆಗೆ ಅದರ ಅಂಚು ಎಲ್ಲಿದೆ ಎಂದು ನೋಡಿಕೊಳ್ಳಿ. ನೆಲ ಕಾದಂತೆ ಮಂಜು ಅಂಚಿನಿಂದ ಒಳಮುಖವಾಗಿ, ಅಂದರೆ ಒಳನಾಡಿನಿಂದ ಕಡಲಿನ ಕಡೆಗೆ ಕರಗುತ್ತ ಬರುತ್ತದೆ. ಆದುದರಿಂದ ಅಂಚಿನ ಬಳಿಯಿರುವ ಊರಿಗೆ ಮೊದಲು ಬಿಸಿಲು, ಹೊದಿಕೆಯ ನಡುವಿನ ಊರಿಗೆ ಕೊನೆಗೆ. ಸೆಪ್ಟೆಂಬರ್ ಕೊನೆಯಲ್ಲಿ ಸೂರ್ಯನ ಶಕ್ತಿ ಜುಲೈನಷ್ಟು ಇರುವುದಿಲ್ಲವಾದ್ದರಿಂದ, ದಪ್ಪ ಪದರವಿರುವ ದಿನ ಕರಗುವಿಕೆ ಒಂದೆರಡು ತಾಸು ತಡವಾಗಬಹುದೆಂದು ಲೆಕ್ಕ ಹಿಡಿಯುವುದು ಒಳಿತು. ಬೆಟ್ಟಗಳ ಮೇಲೆ ಕಾಡ್ಗಿಚ್ಚನ್ನು ಗುರುತಿಸಲೆಂದು ಅಳವಡಿಸಿರುವ ಅಲರ್ಟ್ ಕ್ಯಾಲಿಫೋರ್ನಿಯಾ ಜಾಲದ ಕ್ಯಾಮೆರಾಗಳನ್ನು ಯಾರು ಬೇಕಾದರೂ ನೋಡಬಹುದು. ಮಂಜು ಈಗ ಎಲ್ಲಿದೆ ಎಂಬುದಕ್ಕೆ ಅವುಗಳಿಗಿಂತ ನೇರವಾದ ಸಾಕ್ಷಿ ಇಲ್ಲ.

ಫೋನಿನ ಆ್ಯಪ್ ಬಳಸುವುದಾದರೆ ‘ಸ್ಯಾನ್ ಫ್ರಾನ್ಸಿಸ್ಕೊ’ ಎಂದು ಊರಿನ ಹೆಸರನ್ನಷ್ಟೇ ಟೈಪ್ ಮಾಡಬಾರದು. ರಾಷ್ಟ್ರೀಯ ಹವಾಮಾನ ಸೇವೆಯ ಜಾಲತಾಣದ ನಕ್ಷೆಯಲ್ಲಿ ನೀವು ನಿಲ್ಲುವ ಜಾಗದ ಮೇಲೆಯೇ ಒತ್ತಿದರೆ ಸುಮಾರು 2.5 ಕಿಲೋಮೀಟರ್ ಚೌಕದ ಮುನ್ಸೂಚನೆ ಸಿಗುತ್ತದೆ. ಓಷನ್ ಬೀಚ್ ಮತ್ತು ಮಿಷನ್ ಬಡಾವಣೆಗಳಿಗೆ ಬೇರೆ ಬೇರೆಯಾಗಿ ಒತ್ತಿ ನೋಡಿದವರಿಗೆ ಒಂದೇ ನಗರದೊಳಗಿನ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ.

ಗಾಳಿ ತಿರುಗಿದಾಗ

ಈ ಕಾಲದ ಮುನ್ನೋಟದಲ್ಲಿ ಅತ್ಯಂತ ಗಂಭೀರವಾಗಿ ಓದಬೇಕಾದ ಭಾಗ ಇದು. ನೆವಾಡಾ ಮತ್ತು ಅದರಾಚೆಯ ಎತ್ತರದ ನಾಡಿನ ಮೇಲೆ ಒತ್ತಡ ಏರಿ, ಕರಾವಳಿಯಲ್ಲಿ ಕಡಿಮೆಯಾದಾಗ ಗಾಳಿ ಮೂಡಣದಿಂದ ಅಥವಾ ಈಶಾನ್ಯದಿಂದ ಇಳಿದು ಬರುತ್ತದೆ. ಇಳಿಯುವ ಗಾಳಿ ಪ್ರತಿ ಸಾವಿರ ಅಡಿಗೆ ಸುಮಾರು ಐದೂವರೆ ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಬಿಸಿಯಾಗುತ್ತದೆ ಮತ್ತು ಅದರ ಆರ್ದ್ರತೆ ಕುಸಿಯುತ್ತದೆ. ಇದನ್ನು ಡಿಯಾಬ್ಲೊ ಗಾಳಿ ಎನ್ನುತ್ತಾರೆ. ಇದು ಹಗಲಿಗಿಂತ ರಾತ್ರಿಯಲ್ಲಿ, ತಗ್ಗಿಗಿಂತ ಬೆಟ್ಟದ ಏಣಿನಲ್ಲಿ ಹೆಚ್ಚು ಬಲವಾಗಿರುತ್ತದೆ. ಬೇಸಿಗೆಯ ಮಂಜು ಕಡಲಂಚಿನ ಗಿಡಮರಗಳಿಗೆ ಒಂದಿಷ್ಟು ತೇವ ಕೊಟ್ಟಿದ್ದರೂ, ವಸಂತದ ನಂತರ ಮಳೆಯನ್ನೇ ಕಾಣದ ಒಳಬೆಟ್ಟಗಳ ಹುಲ್ಲು ಮತ್ತು ಪೊದೆಗಳು ಈ ಹೊತ್ತಿಗೆ ಪೂರ್ತಿ ಒಣಗಿರುತ್ತವೆ. 1991ರ ಅಕ್ಟೋಬರ್ 20ರಂದು ಓಕ್ಲೆಂಡ್-ಬರ್ಕ್ಲಿ ಬೆಟ್ಟಗಳ ಬೆಂಕಿ 25 ಜನರನ್ನು ಬಲಿ ತೆಗೆದುಕೊಂಡು ಸುಮಾರು ಮೂರು ಸಾವಿರ ಮನೆಗಳನ್ನು ಸುಟ್ಟದ್ದು ಇಂತಹ ಗಾಳಿಯಲ್ಲಿ. 2017ರ ಅಕ್ಟೋಬರ್ 8ರ ರಾತ್ರಿ ಹೊತ್ತಿಕೊಂಡ ಟಬ್ಸ್ ಬೆಂಕಿ ಸಾಂಟಾ ರೋಸಾ ನಗರದ ಬಡಾವಣೆಗಳಿಗೆ ನುಗ್ಗಿದ್ದೂ ಇಂತಹ ಗಾಳಿಯಲ್ಲಿಯೇ. ಅದರಲ್ಲಿ 22 ಜನ ಸತ್ತರು.

ಆದುದರಿಂದ ಟಿಪ್ಪಣಿಯಲ್ಲಿ ‘ಆಫ್‌ಶೋರ್’ (ನೆಲದಿಂದ ಕಡಲಿಗೆ ಬೀಸುವ ಗಾಳಿ) ಎಂಬ ಪದ ಕಂಡ ದಿನದಿಂದಲೇ ಎಚ್ಚರ ಬೇಕು. ಮೊದಲು ‘ಫೈರ್ ವೆದರ್ ವಾಚ್’ ಬರುತ್ತದೆ. ಅದು ಸಂಭವವಿದೆ ಎಂಬ ಸೂಚನೆ. ಅನಂತರ ‘ರೆಡ್ ಫ್ಲ್ಯಾಗ್ ವಾರ್ನಿಂಗ್’ ಬಂದರೆ ಅಪಾಯದ ಪರಿಸ್ಥಿತಿ ಒದಗಿಬಂದಿದೆ ಅಥವಾ ಬಹುಬೇಗ ಬರಲಿದೆ ಎಂದರ್ಥ. ಆ ದಿನ ಉದ್ಯಾನದಲ್ಲಿ ಒಲೆ ಹೊತ್ತಿಸುವುದು, ಒಣಹುಲ್ಲಿನ ಮೇಲೆ ಕಾರು ನಿಲ್ಲಿಸುವುದು, ಬೆಟ್ಟದ ಮನೆಯಂಗಳದಲ್ಲಿ ಹೋಮ ಮಾಡುವುದು ಇವನ್ನೆಲ್ಲ ಕೈಬಿಡಬೇಕು. ಮನೆಯೊಳಗೆ ಹಚ್ಚುವ ದೀಪಗಳನ್ನೂ ಕಿಟಕಿಯ ಗಾಳಿಯಿಂದ ದೂರವಿಡಬೇಕು. ಬೆಟ್ಟದ ಪ್ರದೇಶಗಳಲ್ಲಿ ವಾಸಿಸುವವರು ಪಾಸ್‌ಪೋರ್ಟ್, ಔಷಧಿ, ಕನ್ನಡಕ, ಫೋನ್ ಚಾರ್ಜರ್‌ಗಳಿರುವ ಒಂದು ಚೀಲವನ್ನು ಬಾಗಿಲ ಬಳಿ ಇರಿಸಿ, ಕಾರಿನಲ್ಲಿ ಇಂಧನ ತುಂಬಿಸಿಕೊಂಡು, ತಮ್ಮ ಜಿಲ್ಲೆಯ ತುರ್ತು ಸಂದೇಶ ಸೇವೆಗೆ ಹೆಸರು ನೋಂದಾಯಿಸಿರಬೇಕು. ಊರಿನಿಂದ ಬಂದಿರುವ ಹಿರಿಯರಿಗೆ ಇಂಗ್ಲಿಷಿನ ಎಚ್ಚರಿಕೆ ಅರ್ಥವಾಗದೇ ಇರಬಹುದು. ಹಗಲು ಅವರು ಮನೆಯಲ್ಲಿ ಒಬ್ಬರೇ ಇರುವುದಾದರೆ ಯಾವ ನೆರೆಯವರನ್ನು ಕರೆಯಬೇಕು, ಯಾವ ಬಾಗಿಲಿನಿಂದ ಹೊರಡಬೇಕು ಎಂಬುದನ್ನು ಮೊದಲೇ ತೋರಿಸಿಕೊಟ್ಟಿರಬೇಕು. ಬೆಂಕಿಯ ಭಯದಿಂದ ವಿದ್ಯುತ್ತನ್ನು ಮುಂಜಾಗ್ರತೆಯಾಗಿ ನಿಲ್ಲಿಸುವ ಪದ್ಧತಿಯೂ ಇಲ್ಲಿದೆ. 2019ರ ಅಕ್ಟೋಬರ್‌ನಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ಲಕ್ಷಾಂತರ ಗ್ರಾಹಕರಿಗೆ ಹಾಗಾಯಿತು. ಇನ್ಸುಲಿನ್‌ನಂತಹ ಔಷಧಿಗಳನ್ನು ತಂಪಾಗಿಡುವ ವ್ಯವಸ್ಥೆಯನ್ನು ಅದಕ್ಕಾಗಿ ಯೋಚಿಸಿಟ್ಟುಕೊಳ್ಳಬೇಕು.

ಬೆಂಕಿಯಿಲ್ಲದಿದ್ದರೂ ನೆಲದ ಗಾಳಿ ಕರಾವಳಿಯನ್ನು ಕಾಯಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ನಗರದ ಮಧ್ಯಭಾಗದಲ್ಲಿ ದಾಖಲಾದ ಅತಿ ಹೆಚ್ಚಿನ ಉಷ್ಣಾಂಶವಾದ 106 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 41 ಡಿಗ್ರಿ ಸೆಲ್ಸಿಯಸ್, ಬಂದದ್ದು ನಡುಬೇಸಿಗೆಯಲ್ಲಲ್ಲ, 2017ರ ಸೆಪ್ಟೆಂಬರ್ 1ರಂದು. ಸ್ಯಾನ್ ಹೋಸೆಯ ದಾಖಲೆಯಾದ 109 ಡಿಗ್ರಿಯೂ 2022ರ ಸೆಪ್ಟೆಂಬರ್ 6ರದು. ಮಂಜನ್ನೇ ನಂಬಿ ಕಟ್ಟಿದ ಕಡಲಂಚಿನ ಹಳೆಯ ಮನೆಗಳಲ್ಲಿ ಅನೇಕಕ್ಕೆ ಎ.ಸಿ. ಇಲ್ಲದ ಕಾರಣ, ಅಲ್ಲಿ 95 ಡಿಗ್ರಿ ಎಂಬುದು ಲಿವರ್‌ಮೋರ್‌ನ 95ಕ್ಕಿಂತ ಹೆಚ್ಚು ಬಾಧಿಸುತ್ತದೆ. ಹವಾಮಾನ ಸೇವೆಯ ‘ಹೀಟ್‌ರಿಸ್ಕ್’ ನಕ್ಷೆ ಸ್ಥಳ ಮತ್ತು ಕಾಲಕ್ಕೆ ತಕ್ಕಂತೆ ಬಿಸಿಯ ಅಪಾಯವನ್ನು ಬಣ್ಣಗಳಲ್ಲಿ ತೋರಿಸುವುದರಿಂದ, ವಯಸ್ಸಾದವರಿರುವ ಮನೆಯವರು ಡಿಗ್ರಿಗಿಂತ ಆ ಬಣ್ಣವನ್ನು ನೋಡುವುದು ಮೇಲು.

ಹೊಗೆಯ ವಿಷಯದಲ್ಲಿ ಆಕಾಶದ ಬಣ್ಣವನ್ನು ನೋಡಿ ನಿರ್ಧರಿಸಬಾರದು. 2020ರ ಸೆಪ್ಟೆಂಬರ್ 9ರಂದು ಕೊಲ್ಲಿ ಪ್ರದೇಶದ ಆಕಾಶ ಹಗಲೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿ ಕತ್ತಲೆ ಕವಿದಿದ್ದರೂ, ಹೊಗೆ ಸಾಗರ ಪದರದ ಮೇಲೆ ನಿಂತಿದ್ದರಿಂದ ನೆಲದ ಗಾಳಿ ನೋಟಕ್ಕೆ ತೋರಿದಷ್ಟು ಕೆಟ್ಟಿರಲಿಲ್ಲ. ಆಕಾಶ ತಿಳಿಯಾಗತೊಡಗಿದ ಮರುದಿನಗಳಲ್ಲಿ ಹೊಗೆ ಕೆಳಗಿಳಿದು ಗಾಳಿ ಹದಗೆಟ್ಟಿತು. ಏರ್‌ನೌ ತಾಣದ ವಾಯು ಗುಣಮಟ್ಟದ ಅಂಕಿಯೇ ಇಲ್ಲಿ ಆಧಾರವಾಗಬೇಕು.

ಬಿಸಿಯಲೆಯ ಕೊನೆಯನ್ನು ಗುರುತಿಸುವುದು

ಬಿಸಿಯಲೆ ಮುಗಿಯುವ ರೀತಿಗೂ ಒಂದು ಕ್ರಮವಿದೆ, ಮತ್ತು ಅದನ್ನು ಕಡಲಿನಲ್ಲಿ ತೇಲುವ ಉಪಕರಣಗಳ ಮೂಲಕ ಮೊದಲೇ ಕಾಣಬಹುದು. ಬಹಳ ಸಲ ಮಂಜು ಪಶ್ಚಿಮದಿಂದ ನೇರವಾಗಿ ಬರದೆ, ತೀರಕ್ಕೆ ಅಂಟಿಕೊಂಡು ತೆಂಕಣದಿಂದ ಬಡಗಣಕ್ಕೆ ಒಂದು ಕಿರಿದಾದ ಪಟ್ಟಿಯಾಗಿ ಏರಿಬರುತ್ತದೆ. ಉಪಗ್ರಹ ಚಿತ್ರದಲ್ಲಿ ಬಿಗ್ ಸರ್ ತೀರದ ಬಳಿ ಬಿಳಿಯ ನಾಲಗೆಯೊಂದು ಕಾಣಿಸಿಕೊಂಡು, ಹಾಫ್ ಮೂನ್ ಬೇಗೆ ನೇರವಾಗಿರುವ 46012 ಸಂಖ್ಯೆಯ ತೇಲುಗ ವಾಯವ್ಯದ ಬದಲು ದಕ್ಷಿಣದ ಗಾಳಿಯನ್ನು ತೋರಿಸತೊಡಗಿದರೆ, ಹೆಚ್ಚೂಕಡಿಮೆ ಒಂದು ದಿನದೊಳಗೆ ಗೋಲ್ಡನ್ ಗೇಟ್‌ನಲ್ಲಿ ಮಂಜನ್ನು ನಿರೀಕ್ಷಿಸಬಹುದು. ಆಗ ಕಡಲಂಚಿನಲ್ಲಿ ಉಷ್ಣತೆ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ, ಒಳನಾಡು ಮಾತ್ರ ಇನ್ನೊಂದೆರಡು ದಿನ ಬಿಸಿಯಾಗಿಯೇ ಇರುತ್ತದೆ. ಬೆಳಿಗ್ಗೆ ತೆಳು ಅಂಗಿಯಲ್ಲಿ ತೀರಕ್ಕೆ ಹೋದವರು ಸಂಜೆಗೆ ಸ್ವೆಟರ್ ಹುಡುಕುವುದು ಇಂತಹ ದಿನ.

ಮಳೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ವರ್ಷಕ್ಕೆ ಸುಮಾರು 23 ಇಂಚು ಮಳೆ ಬೀಳುವ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೆಪ್ಟೆಂಬರ್‌ನ ಸರಾಸರಿ ಒಂದು ಇಂಚಿನ ಹತ್ತನೆಯ ಒಂದು ಭಾಗದಷ್ಟು, ಅಕ್ಟೋಬರ್‌ನದು ಒಂದು ಇಂಚಿಗಿಂತ ತುಸು ಕಡಿಮೆ. ಆದರೂ 2021ರ ಅಕ್ಟೋಬರ್ 24ರಂದು ಒಂದೇ ದಿನ 4.02 ಇಂಚು ಸುರಿದದ್ದುಂಟು. ಅಕ್ಟೋಬರ್ ಮೂರನೆಯ ವಾರದ ಬಳಿಕ ಹೊರಾಂಗಣದಲ್ಲಿ ಕಾರ್ಯಕ್ರಮ ಇಟ್ಟುಕೊಳ್ಳುವವರು ಎಂಟರಿಂದ ಹದಿನಾಲ್ಕು ದಿನಗಳ ಮಳೆಯ ನಕ್ಷೆಯನ್ನೂ, ಟಿಪ್ಪಣಿಯಲ್ಲಿ ‘ಅಟ್ಮಾಸ್ಫಿಯರಿಕ್ ರಿವರ್’ (ಸಾಗರದಿಂದ ಭಾರಿ ತೇವವನ್ನು ಹೊತ್ತು ತರುವ ಗಾಳಿಯ ಪಟ್ಟಿ) ಎಂಬ ಉಲ್ಲೇಖವನ್ನೂ ಗಮನಿಸತೊಡಗಬೇಕು. ನವೆಂಬರ್‌ನಿಂದ ಸೆಂಟ್ರಲ್ ವ್ಯಾಲಿಯಲ್ಲಿ ಕಾಣಿಸಿಕೊಳ್ಳುವ ಟೂಲಿ ಮಂಜು ಮಳೆಯಿಂದ ತೇವಗೊಂಡ ನೆಲ ರಾತ್ರಿ ತಣಿದು ಹುಟ್ಟುವಂಥದು. ಅದಕ್ಕೆ ಇಲ್ಲಿ ವಿವರಿಸಿದ ಸಾಗರ ಪದರದ ಲೆಕ್ಕವನ್ನು ಅನ್ವಯಿಸಲಾಗದು.